ಕೆರೆಯಿಂದ ಕೆರೆಗೆ: ಮಧುಗಿರಿ ಸೀಮೆಯ ಹಳೆಯ ಗಾಡಿದಾರಿಗಳು

ತುಮಕೂರಿನ ಉತ್ತರಕ್ಕೆ ಹಬ್ಬಿರುವ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅಲ್ಲಿನ ಗಿರಿದುರ್ಗಗಳನ್ನೇ ಕುರಿತು ಬರೆದಿದ್ದಾರೆ. ಯಾವ ಪಾಳೆಯಗಾರನು ಯಾವ ಬೆಟ್ಟವನ್ನು ಹಿಡಿದನು, ಯಾವ ಸೇನಾಪತಿಯು ಯಾವ ವರ್ಷದಲ್ಲಿ ಅದನ್ನು ಅವನಿಂದ ಕಸಿದುಕೊಂಡನು ಎಂಬ ವೃತ್ತಾಂತವೇ ಆ ಬರಹಗಳಲ್ಲಿ ಪ್ರಧಾನವಾದುದು. ಆ ವೃತ್ತಾಂತಕ್ಕೆ ಅದರ ಗೌರವ ಸಲ್ಲತಕ್ಕದ್ದೇ. ಆದರೆ ಈ ಸೀಮೆಯಲ್ಲಿ ಕಮಾನು ಗಾಡಿ ಕಟ್ಟಿಕೊಂಡು ಹೊರಟ ವರ್ತಕನೂ, ಮನೆಮಂದಿಯೊಡನೆ ಜಾತ್ರೆಗೆ ಹೊರಟ ಒಕ್ಕಲಿಗನೂ, ಮಂದೆಯನ್ನು ಹೊಡೆದುಕೊಂಡು ಊರೂರು ದಾಟುತ್ತಿದ್ದ ಗೊಲ್ಲನೂ ದಿಗಂತದಲ್ಲಿ ಮೊದಲು ಹುಡುಕುತ್ತಿದ್ದುದು ಕೆರೆಯ ಏರಿಯನ್ನು. ಏರಿ ಕಂಡಿತೆಂದರೆ ನೀರು ಸಿಕ್ಕಿತು, ಎತ್ತಿಗೆ ಮೇವು ಸಿಕ್ಕಿತು, ತೋಪಿನ ನೆರಳು ಸಿಕ್ಕಿತು, ಆ ದಿನದ ಪಯಣ ಅಲ್ಲಿಗೆ ಮುಗಿಯಿತು. ಈ ನಾಡಿನ ದಾರಿಗಳು ಕೆರೆಯಿಂದ ಕೆರೆಗೆ ನಡೆದ ದಾರಿಗಳೆಂಬುದನ್ನೂ, ಊರುಗಳು ಆ ದಾರಿಯ ತಂಗುದಾಣಗಳಾಗಿಯೇ ಬೆಳೆದುವೆಂಬುದನ್ನೂ ನೆನಪಿಗೆ ತಂದುಕೊಳ್ಳದೆ ಇಲ್ಲಿನ ಕೋಟೆಗಳ ಅರ್ಥವೂ ನಮಗೆ ಪೂರ್ಣವಾಗಿ ಆಗಲಾರದು.

ಈ ಪ್ರದೇಶದ ನೆಲವೇ ವಿಲಕ್ಷಣವಾದುದು. ದಕ್ಷಿಣದಲ್ಲಿ ದೇವರಾಯನದುರ್ಗದಿಂದ ಮೊದಲಾಗಿ ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡಗಲ್ಲು ಎಂದು ಉತ್ತರದ ಕಡೆಗೆ ಒಂದರ ಹಿಂದೊಂದು ಬೆಟ್ಟಗಳು ನಿಂತಿವೆ. ಇವುಗಳಲ್ಲಿ ಅನೇಕವು ಮಣ್ಣಿನ ಹೊದಿಕೆಯಿಲ್ಲದ ಬೆತ್ತಲೆ ಕರಿಗಲ್ಲಿನ ಬೆಟ್ಟಗಳು. ಸುತ್ತಲಿನ ಸಮಭೂಮಿಯಿಂದ ಥಟ್ಟನೆ ಮೇಲೆದ್ದವುಗಳು. ಮಧುಗಿರಿಯ ಏಕಶಿಲೆಯಂತೂ ಸಮುದ್ರಮಟ್ಟದಿಂದ 3,900 ಅಡಿಗೂ ಮೀರಿದ ಎತ್ತರಕ್ಕೆ ಏರಿ, ಹತ್ತಾರು ಮೈಲಿಗಳಿಂದಲೇ ದಾರಿಗನಿಗೆ ದಿಕ್ಕು ತೋರಿಸುತ್ತದೆ. ಮಳೆಯೋ ಸ್ವಲ್ಪ; ಪಾವಗಡ, ಶಿರಾ ಪ್ರಾಂತಗಳಲ್ಲಿ ಸಾಮಾನ್ಯ ವರ್ಷದಲ್ಲಿ 25 ಅಂಗುಲವೂ ಬೀಳುವುದಿಲ್ಲ. ಬಿದ್ದ ಸ್ವಲ್ಪವೂ ಬಂಡೆಯ ಮೇಲೆ ನಿಲ್ಲದೆ ಕ್ಷಣಾರ್ಧದಲ್ಲಿ ಹಳ್ಳಕ್ಕೆ ಇಳಿದು ಹರಿದುಹೋಗತಕ್ಕದ್ದು. ಹೀಗೆ ಓಡುವ ನೀರನ್ನು ತಡೆಯಲು ಇಲ್ಲಿನ ಪೂರ್ವಿಕರು ಎರಡು ಗುಡ್ಡಗಳ ನಡುವಣ ಕಣಿವೆಯ ಬಾಯಿಗೆ ಏರಿ ಹಾಕಿದರು, ಏರಿಗೆ ಕಲ್ಲು ಕಟ್ಟಿದರು, ತೂಬನ್ನಿಟ್ಟರು, ಹೆಚ್ಚಿದ ನೀರು ಏರಿಯನ್ನು ಒಡೆಯದೆ ಕೆಳಗಿನ ಕೆರೆಗೆ ಇಳಿದುಹೋಗುವಂತೆ ಕೋಡಿಯನ್ನು ಬಿಟ್ಟರು. ಇಂದು ಬೆಟ್ಟದ ಬುಡದಲ್ಲಿ ಬಂಡೆಯ ಪ್ರತಿಬಿಂಬವನ್ನು ಹೊತ್ತು ಮಲಗಿರುವ ಜಲರಾಶಿಯನ್ನು ಕಂಡು ಪ್ರವಾಸಿಯು ಅದನ್ನು ಪ್ರಕೃತಿಯ ಕೊಡುಗೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ನಾಲ್ಕು ತಾಲ್ಲೂಕುಗಳ ಕೆರೆಗಳೆಲ್ಲವೂ ಮನುಷ್ಯನು ಮಣ್ಣು ಹೊತ್ತು ಮಾಡಿದುವು.

ಕೆರೆ ಕಟ್ಟಿಸುವುದು ನಮ್ಮ ದೇಶದಲ್ಲಿ ಶಾಸ್ತ್ರವೂ ಆಗಿದ್ದಿತು, ಪುಣ್ಯಕಾರ್ಯವೂ ಆಗಿದ್ದಿತು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಸಾವಿರ ಮಂದಿ ಎರಡು ವರ್ಷ ದುಡಿದರೆಂದು ಲೆಕ್ಕ ಕೊಡುತ್ತದೆ. ಮೈಸೂರು ಸಂಸ್ಥಾನದ ನೀರಾವರಿಯನ್ನು ಪರಿಶೀಲಿಸಿದ ಇಂಜಿನಿಯರ್ ಮೇಜರ್ ಸ್ಯಾಂಕಿಯು 1866ರಲ್ಲಿ, ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ನೂರಕ್ಕೆ ಅರುವತ್ತರಷ್ಟು ಭೂಮಿಯು ಪ್ರಜೆಗಳ ಸಹನೆಯ ದುಡಿಮೆಯಿಂದಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ವಿಸ್ಮಯದಿಂದ ಬರೆದನು. ಆ ಮಹಾವ್ಯವಸ್ಥೆಯ ಅಂಚಿನಲ್ಲಿ, ಮಳೆ ಅತ್ಯಲ್ಪವಾದ ಭಾಗದಲ್ಲಿ, ನಮ್ಮ ಈ ಸೀಮೆಯಿದೆ; ಇಲ್ಲಿ ಕೆರೆಯಿಲ್ಲದೆ ಬೆಳೆಯೂ ಇಲ್ಲ, ಪಯಣವೂ ಇಲ್ಲ.

ಆ ಪಯಣದ ವಾಹನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೋಡಿ ಹಳ್ಳಿಕಾರ್ ಎತ್ತುಗಳ ಕಮಾನು ಗಾಡಿಯು ಒಂದು ಚಲಿಸುವ ಮನೆಯೇ ಆಗಿದ್ದಿತು. ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ಕಟ್ಟಿದ ಕಮಾನಿನ ಮೇಲೆ ಚಾಪೆ ಹೊದಿಸಿ, ಗಾಡಿಯ ತಳಕ್ಕೆ ಮೊಳದೆತ್ತರ ಹುಲ್ಲು ಹಾಸಿ, ಅದರ ಮೇಲೆ ಜಮಖಾನವನ್ನು ಬಿಡಿಸಿದರೆ ಮಕ್ಕಳಿಗೂ ವೃದ್ಧರಿಗೂ ಹಾಸಿಗೆಯಾಯಿತು. ಆ ಹುಲ್ಲೇ ದಾರಿಯ ಕೊನೆಯಲ್ಲಿ ಎತ್ತಿಗೆ ಮೇವು. ಹಿಂಭಾಗದಲ್ಲಿ ಹಿಟ್ಟಿನ ಚೀಲ, ಹುರಿಗಾಳು, ಹುಣಿಸೆಹಣ್ಣು, ಪಾತ್ರೆಪಡಗ. ಅಚ್ಚಿನ ಕೆಳಗೆ ತೂಗುಬಿದ್ದ ಲಾಂದ್ರ. ಅದರ ಪಕ್ಕದಲ್ಲಿ ಕೀಲೆಣ್ಣೆಯ ಕೊಳವೆ. ಬೇಸಗೆಯಲ್ಲಾದರೆ ಎತ್ತುಗಳು ಬಿಸಿಲಿಗೆ ಬಳಲಬಾರದೆಂದು ಸಂಜೆ ನೊಗ ಹೂಡಿ ರಾತ್ರಿಯೆಲ್ಲ ನಡೆದು, ಕೋಳಿ ಕೂಗಿ ಬೆಳಕು ಹರಿಯುವ ವೇಳೆಗೆ ಯಾವುದಾದರೊಂದು ಕೆರೆಯ ಬಳಿ ಗಾಡಿ ಬಿಡುವುದು ವಾಡಿಕೆ. ಗಂಡಸರು ಎತ್ತುಗಳ ಮೈ ತೊಳೆಯುವರು; ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹಚ್ಚುವರು; ಹಿರಿಯರು ಏರಿಯ ಮೇಲಿನ ಗಂಗಮ್ಮನಿಗೊಂದು ಹೂವಿಟ್ಟು ಬರುವರು. ಹತ್ತರಿಂದ ಹದಿನೈದು ಮೈಲಿಯವರೆಗಿನ ಈ ನಡೆಯೇ ದಾರಿಯ ಅಳತೆಯಾಯಿತು. ತುಮಕೂರಿನಿಂದ ಕೊರಟಗೆರೆಗೆ ಸುಮಾರು ಹದಿನಾರು ಮೈಲಿ, ಅಲ್ಲಿಂದ ಮಧುಗಿರಿಗೆ ಹತ್ತು ಹನ್ನೊಂದು ಮೈಲಿ ಎಂಬ ಲೆಕ್ಕವನ್ನು ಭೂಪಟದಲ್ಲಿ ನೋಡುವವರು ಅದರ ಹಿಂದೆ ಎತ್ತಿನ ಉಸಿರಿನ ಪ್ರಮಾಣವೊಂದು ಇರುವುದನ್ನು ಗಮನಿಸಬೇಕು.

ಕೆರೆಯ ಬಳಿ ಬಿಟ್ಟ ಗಾಡಿಯನ್ನು ಯಾರೂ ಪರಕೀಯವೆಂದು ಎಣಿಸುತ್ತಿರಲಿಲ್ಲ. ಆದರೆ ಆ ಸ್ವಾತಂತ್ರ್ಯಕ್ಕೊಂದು ಮರ್ಯಾದೆಯಿದ್ದಿತು. ಕುಡಿಯುವ ನೀರಿನ ಕಟ್ಟೆಯಲ್ಲಿ ಎತ್ತನ್ನು ಇಳಿಸಕೂಡದು. ತೂಬಿನ ಹತ್ತಿರ ಒಲೆ ಹೂಡಕೂಡದು. ಅಚ್ಚುಕಟ್ಟಿನ ಪೈರಿಗೆ ದನ ಬಾಯಿ ಹಾಕಿದರೆ ನೀರುಗಂಟಿಯು ಬಂದು ಕೇಳುವನು. ತೂಬನ್ನು ತೆರೆದು ಮುಚ್ಚಿ ನೀರನ್ನು ಸರದಿಯಂತೆ ಹಂಚುವ ಈ ನೀರುಗಂಟಿಗೆ ಊರವರು ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿದ್ದರು. ಕೆರೆಯನ್ನು ಕಟ್ಟಿಸಿದವನಿಗೋ ಜೀರ್ಣೋದ್ಧಾರ ಮಾಡಿದವನಿಗೋ ಅರಸನು ಅಚ್ಚುಕಟ್ಟಿನಲ್ಲೇ ಕಟ್ಟುಕೊಡಗಿಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದನು. ನೀರುಗಂಟಿ, ಕಟ್ಟುಕೊಡಗಿ, ಬಿಸಿಲ ದಾರಿಯ ಅರವಟ್ಟಿಗೆ, ಊರ ಮುಂದಿನ ಛತ್ರ, ಏರಿಯ ಕೆಳಗಿನ ಮಾವಿನ ತೋಪು ಇವೆಲ್ಲವೂ ಸೇರಿಯೇ ಹಿಂದಿನ ಕಾಲದ ಪ್ರವಾಸವ್ಯವಸ್ಥೆ. ದಾರಿಗನು ತನ್ನ ಮನೆಯನ್ನು ಗಾಡಿಯ ಮೇಲೆ ಹೇರಿಕೊಂಡು ಬಂದರೂ ನೀರಿಗಾಗಿ ಊರವರ ಹಂಗಿನಲ್ಲಿಯೇ ಇರತಕ್ಕವನಾಗಿದ್ದನು.

ಈಗ ದಾರಿಯನ್ನೇ ಹಿಡಿದು ಸಾಗೋಣ. ದೇವರಾಯನದುರ್ಗದ ಕಾಡಿನಲ್ಲಿ ಹುಟ್ಟುವ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ದಾಟಿ ಉತ್ತರ ಪಿನಾಕಿನಿಯಲ್ಲಿ ಐಕ್ಯವಾಗುತ್ತದೆ. ಕೊರಟಗೆರೆಯು ಜಯಮಂಗಲಿಯ ಉಪನದಿಯಾದ ಸುವರ್ಣಮುಖಿಯ ದಡದಲ್ಲಿದೆ. ಹೊಳವನಹಳ್ಳಿಯ ರಣಬೈರೇಗೌಡನೆಂಬ ನಾಯಕನು ಈ ಊರನ್ನು ಸ್ಥಾಪಿಸಿದನೆಂದೂ, ಚನ್ನರಾಯನದುರ್ಗದ ಕೋಟೆಯು ಅವನ ವಂಶದವರ ಬೆಂಬಲದ ನೆಲೆಯಾಗಿದ್ದಿತೆಂದೂ, ಊರಕೋಟೆಯನ್ನು ಟಿಪ್ಪೂ ಸುಲ್ತಾನನು ಕೆಡವಿಸಿದನೆಂದೂ ಗ್ಯಾಸೆಟಿಯರುಗಳು ಹೇಳುತ್ತವೆ. ಅಲ್ಲಿನ ಬೆಟ್ಟಗಳು ಕೊಟ್ಟುದು ನೀರನ್ನು ಮಾತ್ರವಲ್ಲ. ಮಳೆಗೆ ಬಂಡೆಗಳಿಂದ ತೊಳೆದುಬರುವ ಕರಿಯ ಮರಳಿನಲ್ಲಿ ಕಬ್ಬಿಣದ ಅದಿರಿನ ಕಣಗಳಿರುತ್ತಿದ್ದುವು. ಹಳ್ಳದ ಪಾತ್ರದಿಂದ ಅದನ್ನು ಬಾಚಿ, ನೀರಿನಲ್ಲಿ ಜಾಲಾಡಿ, ಇದ್ದಿಲಿನೊಡನೆ ಮಣ್ಣಿನ ಕುಲುಮೆಯಲ್ಲಿಟ್ಟು, ಚರ್ಮದ ತಿದಿಯನ್ನು ಒತ್ತಿ ಕಬ್ಬಿಣವನ್ನು ಕರಗಿಸುವ ಕಸಬು ಚನ್ನರಾಯನದುರ್ಗ, ಮಧುಗಿರಿ ಕಡೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ನಡೆದಿದ್ದಿತು. ಗಾಡಿಯ ಚಕ್ರಕ್ಕೆ ಬಿಗಿದ ಪಟ್ಟಿಯೂ, ನೇಗಿಲಿನ ಗುಳವೂ ಹೀಗೆ ಮಳೆಯೇ ತಂದಿಟ್ಟ ಮರಳಿನಿಂದ ಆದುವು. ಇಂದು ಕೊರಟಗೆರೆಯ ದಾರಿಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬರತಕ್ಕವರು. ದೇವಾಲಯಕ್ಕೆ ಸಮೀಪದಲ್ಲಿಯೇ ತೀತಾ ಜಲಾಶಯವು ಜಯಮಂಗಲಿಯ ನೀರನ್ನು ಹಿಡಿದು ನಿಂತಿದೆ.

ಮಧುಗಿರಿಯನ್ನು ಹಳೆಯ ಕಾಗದಪತ್ರಗಳು ಮದ್ದಗಿರಿಯೆಂದು ಕರೆಯುತ್ತವೆ. ಬಿಜ್ಜವರದ ಗೌಡರ ವಂಶದ ರಾಜಾ ಹಿರೇಗೌಡನು ಇಲ್ಲಿ ಮೊದಲು ಮಣ್ಣಿನ ಕೋಟೆಯನ್ನು ಕಟ್ಟಿದನು. 1678ರಲ್ಲಿ ಅದು ಆ ವಂಶದ ರಾಮಪ್ಪಗೌಡ, ತಿಮ್ಮಪ್ಪಗೌಡರ ಕೈತಪ್ಪಿ ಚಿಕ್ಕದೇವರಾಜ ಒಡೆಯರ ವಶವಾಯಿತು. ಮುಂದೆ ಹೈದರಾಲಿಯು ಕೋಟೆಯನ್ನು ವಿಸ್ತರಿಸಿ ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಅವನು ಇದೇ ಬೆಟ್ಟದ ಮೇಲೆ ಸೆರೆಯಲ್ಲಿಟ್ಟನು. ಮಲೆನಾಡಿನ ಮಳೆಯಲ್ಲಿ, ಅಡಕೆ ತೋಟಗಳ ನಡುವೆ ರಾಜ್ಯವಾಳಿದ ಆ ಹೆಂಗಸು ನಾಲ್ಕು ವರ್ಷ ಈ ಬಿಸಿಲಿನ ಬಂಡೆಯ ಮೇಲಿದ್ದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮಧುಗಿರಿಯನ್ನು ಹಿಡಿದು ಅವಳನ್ನು ಬಿಡಿಸಿತು. ಪುಣೆಯ ಕಡೆಗೆ ಕರೆದೊಯ್ಯುವ ದಾರಿಯಲ್ಲಿ ಅವಳು ಮಡಿದಳು. ಕೋಟೆಯನ್ನು ಇಂದು ಏರುವವರು ಕಡಿದಾದ ಮೆಟ್ಟಿಲುಗಳನ್ನೂ ಒಂದರ ಮೇಲೊಂದಾದ ಬಾಗಿಲುಗಳನ್ನೂ ಮೆಚ್ಚುತ್ತಾರೆ. ಅವರು ನಿಂತು ನೋಡಬೇಕಾದುವು ಇನ್ನೆರಡಿವೆ: ಧಾನ್ಯ ತುಂಬಿಡುತ್ತಿದ್ದ ಕಣಜಗಳು, ಮಳೆನೀರನ್ನು ಹಿಡಿದಿಡುತ್ತಿದ್ದ ದೊಣೆಗಳು. ಮುತ್ತಿಗೆಯ ಕಾಲದಲ್ಲಿ ಕೋಟೆಯ ಆಯುಷ್ಯವನ್ನು ಅಳೆದುದು ಫಿರಂಗಿಗಳ ಸಂಖ್ಯೆಗಿಂತ ಹೆಚ್ಚಾಗಿ ದೊಣೆಗಳಲ್ಲಿನ ನೀರೇ. ಕೆಳಗೆ ಸಿದ್ದಾಪುರ, ಚೋಳೇನಹಳ್ಳಿ, ಬಿಜ್ಜವರಗಳ ಕೆರೆಗಳು ಊರನ್ನು ಪೋಷಿಸಿದಂತೆ ಮೇಲೆ ಈ ದೊಣೆಗಳು ಕೋಟೆಯನ್ನು ಪೋಷಿಸಿದುವು.

ಟಿಪ್ಪೂ ಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರ ಮಳೆಗಾಲದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ದಾರಿಯಲ್ಲಿ ಬಂದನು. ದೊಡ್ಡಬಳ್ಳಾಪುರದಿಂದ ಮಧುಗಿರಿಯ ಮೇಲೆ ಶಿರಾಕ್ಕೆ ಹೋದ ಅವನ ಪಯಣವು ನಮ್ಮ ಸೀಮೆಯ ಬಗೆಗೆ ದೊರೆಯುವ ಅತ್ಯಂತ ವಿವರವಾದ ಪ್ರವಾಸಕಥನಗಳಲ್ಲೊಂದು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಗ್ರಂಥದಲ್ಲಿ ಅದು ಸೇರಿದೆ. ಡೇರೆಯನ್ನು ಹೊತ್ತು ನಡೆದ ಆ ಪ್ರವಾಸಿಯು ಹೋದಲ್ಲೆಲ್ಲ ಒಕ್ಕಲಿಗನನ್ನೂ ನೇಯ್ಗೆಯವನನ್ನೂ ಕಬ್ಬಿಣ ಕರಗಿಸುವವನನ್ನೂ ಕೂರಿಸಿಕೊಂಡು, ಎಷ್ಟು ಬಿತ್ತುವೆ, ಎಷ್ಟು ಬೆಳೆಯುವೆ, ಯಾರಿಗೆ ಎಷ್ಟು ಕೊಡುವೆ ಎಂದು ಕೇಳಿ ಬರೆದುಕೊಂಡನು. ವಿದೇಶೀಯ ಪ್ರಭುತ್ವಕ್ಕೆ ಉಪಯೋಗವಾಗಲೆಂದು ನಡೆದ ವಿಚಾರಣೆ ಅದು. ಆದರೂ ಯುದ್ಧಗಳಿಂದ ಜರ್ಜರಿತವಾದ ಒಂದು ನಾಡು ಕೆರೆಯ ಬೆನ್ನಿಗೆ ನಿಂತು ಹೇಗೆ ಬದುಕಿತು ಎಂಬುದನ್ನು ನಮಗೆ ಉಳಿಸಿಕೊಟ್ಟುದಕ್ಕಾಗಿ ಕೃತಜ್ಞತೆ ಅವನಿಗೆ ಸಲ್ಲಬೇಕು.

ಮಧುಗಿರಿಯಿಂದ ಉತ್ತರಕ್ಕೆ ಮಿಡಿಗೇಶಿಯ ದುರ್ಗವನ್ನು ದಾಟಿದ ಮೇಲೆ ನೆಲ ಮತ್ತಷ್ಟು ಒಣಗುತ್ತದೆ. ಕೆರೆಗಳು ವಿರಳವಾದಲ್ಲಿ ದಾರಿಗನನ್ನು ಕಾಯುತ್ತಿದ್ದುದು ತಲಪರಿಗೆ. ಇದು ಈ ನಾಲ್ಕು ತಾಲ್ಲೂಕುಗಳ ವಿಶೇಷ ಸಂಪತ್ತು. ಮೈಸೂರು ಗ್ಯಾಸೆಟಿಯರಿನಲ್ಲಿ ಲೂಯಿ ರೈಸ್ ಕೂಡ ಇದನ್ನು ಹೆಸರಿಸಿ ವರ್ಣಿಸಿದ್ದಾನೆ. ಮೇಲುನೋಟಕ್ಕೆ ಅದೊಂದು ಅಗಲವಾದ ಗುಂಡಿ ಅಷ್ಟೆ. ಮರಳುಭೂಯಿಷ್ಠವಾದ ಹಳ್ಳದ ಮಗ್ಗುಲಲ್ಲಿ, ಕೆಲವೆಡೆ ಕೆರೆಯ ಅಂಗಳದಲ್ಲಿಯೇ, ಆಳುದ್ದವೋ ಎರಡಾಳುದ್ದವೋ ಅಗೆದರೆ ಮರಳಿನ ಪದರದಿಂದ ಸ್ವಚ್ಛವಾದ ನೀರು ಜಿನುಗತೊಡಗುತ್ತದೆ. ಅದನ್ನು ಏತವಿಲ್ಲದೆ, ಕಪಿಲೆಯಿಲ್ಲದೆ, ಇಳಿಜಾರಿನ ಕಾಲುವೆಯೊಂದರ ಮೂಲಕ ಗದ್ದೆಗೋ ಕಟ್ಟೆಗೋ ಹರಿಸಬಹುದು. ಕಾಲುವೆಯ ಬಾಯಿಯಲ್ಲಿ ಕುಳಿತು ನೋಡಿದರೆ ತಳದ ಮರಳ ಕಣಗಳು ನೀರಿನೊತ್ತಡಕ್ಕೆ ಮೆಲ್ಲಗೆ ಕುಣಿಯುವುದು ಕಾಣುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗಲೂ ಒಳ್ಳೆಯ ತಲಪರಿಗೆ ಬತ್ತುತ್ತಿರಲಿಲ್ಲ. ಅದರ ನೀರು ಒಬ್ಬನ ಸ್ವತ್ತಲ್ಲ. ಅಚ್ಚುಕಟ್ಟಿನಲ್ಲಿ ಪಾಲುಳ್ಳ ಮನೆಗಳವರು ವರ್ಷಕ್ಕೊಮ್ಮೆ ಮನೆಗೊಂದಾಳಿನಂತೆ ಬಂದು ಹೂಳೆತ್ತಿ, ಕಾಲುವೆಯ ಜೊಂಡು ಕಿತ್ತು, ಗಂಗಮ್ಮನಿಗೆ ಪೂಜೆ ಮಾಡಿ ಹೋಗಬೇಕು. ಬಾರದವನ ಸರದಿಗೆ ನೀರಿಲ್ಲ. ದಾರಿಗನ ಬಾಯಾರಿಕೆಗೆ ಮಾತ್ರ ಯಾವ ಸರದಿಯೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಬರೆಯದ ಈ ಕಟ್ಟಳೆಯು ಎಷ್ಟೋ ರಾಜ್ಯಗಳಿಗಿಂತ ದೀರ್ಘಕಾಲ ಬಾಳಿತು.

ಪಾವಗಡದ ದಾರಿಯು ನಡುವೆ ಆಂಧ್ರದ ನೆಲವನ್ನು ಹಾದು ಹೋಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯು ಬಹುಮಟ್ಟಿಗೆ ಸುತ್ತುವರಿದಿದ್ದ ಈ ತಾಲ್ಲೂಕಿನಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ. ಗಡಿಯಾಚೆಯ ಮಡಕಶಿರಾ ಸೀಮೆಯಲ್ಲಿರುವ ಹೇಮಾವತಿಯು ಹಿಂದೆ ಹೆಂಜೇರುವೆಂಬ ಹೆಸರಿನಿಂದ ನೊಳಂಬ ಪಲ್ಲವರ ರಾಜಧಾನಿಯಾಗಿದ್ದಿತು. ಅಲ್ಲಿನ ಕರಿಗಲ್ಲಿನ ದೇಗುಲಗಳೂ ಕನ್ನಡ ಶಾಸನಗಳೂ ಇಂದಿನ ಗಡಿಯ ಗೆರೆ ಎಷ್ಟು ಇತ್ತೀಚಿನದೆಂಬುದನ್ನು ಸಾರುತ್ತವೆ. ಪಾವಗಡದ ಪಶ್ಚಿಮೋತ್ತರಕ್ಕಿರುವ ನಿಡಗಲ್ಲಿನಲ್ಲಿ ಚೋಳವಂಶಜರೆಂದು ಹೇಳಿಕೊಂಡ ಇರುಂಗೋಳರು ಆಳಿದರು, ಹೊಯ್ಸಳರೊಡನೆ ಸೆಣಸಿದರು. ಪೂರ್ವದಲ್ಲಿ ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆಯಿದೆ. ಕುಕ್ಕೆಯನ್ನು ಆದಿ, ಘಾಟಿಯನ್ನು ಮಧ್ಯ, ನಾಗಲಮಡಿಕೆಯನ್ನು ಅಂತ್ಯ ಸುಬ್ರಹ್ಮಣ್ಯವೆಂದು ಕರೆದು ಭಕ್ತರು ಮಲೆನಾಡಿನ ಮಳೆಕಾಡಿನಿಂದ ಬಯಲುಸೀಮೆಯ ಮರಳು ಹೊಳೆಯವರೆಗೆ ಒಂದೇ ಯಾತ್ರೆಯ ಸೂತ್ರವನ್ನು ಎಳೆದಿದ್ದಾರೆ. ಆ ಯಾತ್ರೆಯ ಗಾಡಿಗಳು ಬರುತ್ತಿದ್ದುದು ಪುಷ್ಯಮಾಸದ ಜಾತ್ರೆಗೆ. ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಕಾಣುವುದು ಅಲ್ಲಿ ಬೀಡುಬಿಟ್ಟವರ ಮೊದಲ ಕೆಲಸ.

ಪಶ್ಚಿಮಕ್ಕೆ ತಿರುಗಿ ಶಿರಾಕ್ಕೆ ಬಂದರೆ ಕಥೆಯ ಗಾತ್ರವೇ ಬೇರೆಯಾಗುತ್ತದೆ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಈ ಊರಿಗೂ ಕೋಟೆಗೂ ಅಸ್ತಿಭಾರ ಹಾಕಿದನು. ಕೋಟೆ ಮುಗಿಯುವ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಅದನ್ನು ಗೆದ್ದನು. 1687ರಲ್ಲಿ ಮೊಗಲರ ಖಾಸಿಂಖಾನನು ಬಂದು ಶಿರಾವನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿದನು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದುವು. ಚಿತ್ರದುರ್ಗ, ಬಿದನೂರು, ಮೈಸೂರುಗಳಂಥ ಸಂಸ್ಥಾನಗಳು ಅದಕ್ಕೆ ಕಪ್ಪ ಕೊಡತಕ್ಕವೆಂದು ಎಣಿಸಲ್ಪಟ್ಟುವು. ಬಿಜಾಪುರದ ಪರವಾಗಿ ಶಿರಾವನ್ನಾಳಿದ ಮಲಿಕ್ ರಿಹಾನನ 1651ರ ಗೋರಿಯೂ, ಕಡೆದ ಕಲ್ಲಿನಿಂದ 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿಯೂ ಆ ಎರಡು ಆಳಿಕೆಗಳ ವೈಭವದಲ್ಲಿ ಉಳಿದ ಅಂಶ. ಮೊಗಲರ ಸುಬೇದಾರನಾಗಿದ್ದ ದಿಲಾವರಖಾನನ ಕಾಲದಲ್ಲಿ ಇಲ್ಲಿ 50,000 ಮನೆಗಳಿದ್ದುವೆಂದೂ, ಅವನ ಅರಮನೆಯೇ ಬೆಂಗಳೂರು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ ರೈಸ್ ಬರೆಯುತ್ತಾನೆ. ಇಲ್ಲಿನ ಖಾನ್‌ಬಾಗ್ ಎಂಬ ಮೊಗಲ್ ಉದ್ಯಾನವನ್ನು ನೋಡಿಯೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಹುಟ್ಟಿತೆಂಬುದು ಪರಂಪರೆಯ ಮಾತು. ಇಷ್ಟು ಮಳೆಕೊರತೆಯ ನೆಲದಲ್ಲಿ ರಾಜಧಾನಿಯೊಂದು ಬೆಳೆದು, ಹೂವಿನ ಪಾತಿಗಳೂ ಹಣ್ಣಿನ ಮರಗಳೂ ನಳನಳಿಸಬೇಕಾದರೆ ಊರ ದೊಡ್ಡಕೆರೆಯೂ ದಕ್ಷಿಣದ ಕಳ್ಳಂಬೆಳ್ಳದ ಕೆರೆಯೂ ಎಂಥ ಆಧಾರವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಪಟ್ಟಣವು ಅಳಿದುದು ಬರಗಾಲದಿಂದಲ್ಲ. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, ಮತ್ತೆ 1766ರಲ್ಲಿ ಮರಾಠರು, 1774ರಲ್ಲಿ ಟಿಪ್ಪೂ, 1791ರಲ್ಲಿ ಇನ್ನೊಮ್ಮೆ ಮರಾಠರು ಹೀಗೆ ಅದು ಕೈಯಿಂದ ಕೈಗೆ ಬದಲಾಯಿತು. ಶ್ರೀರಂಗಪಟ್ಟಣದ ಗಂಜಾಂ ಪೇಟೆಯನ್ನು ತುಂಬಲು ಟಿಪ್ಪುವು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿ ಒಯ್ದನೆಂದು ಗ್ಯಾಸೆಟಿಯರು ಹೇಳುತ್ತದೆ. ಮಕ್ಕಳನ್ನೂ ಮಗ್ಗಗಳನ್ನೂ ಗಾಡಿಗಳಿಗೆ ಹೇರಿಕೊಂಡು, ಮರಳುವ ಆಸೆಯಿಲ್ಲದೆ ದಕ್ಷಿಣಕ್ಕೆ ನಡೆದ ಆ ಸಾಲು ಈ ದಾರಿಗಳು ಕಂಡ ಪಯಣಗಳಲ್ಲೆಲ್ಲ ದಾರುಣವಾದುದು. ಜನ ಹೋದರೂ ಕೆರೆ ಉಳಿಯಿತು. ಕೆರೆ ಉಳಿದಿದ್ದರಿಂದ ಊರು ಮತ್ತೆ ಚಿಗುರಿತು.

ದಾರಿಯೇ ಮನೆಯಾಗಿದ್ದ ಜನರನ್ನು ಇಲ್ಲಿ ಮರೆಯಕೂಡದು. ಕರಾವಳಿಯ ಉಪ್ಪನ್ನೂ ಬಯಲುಸೀಮೆಯ ಧಾನ್ಯವನ್ನೂ ಹೇರೆತ್ತುಗಳ ಮೇಲೆ ಸಾಗಿಸಿದ ಲಂಬಾಣಿಗಳು, ಕುರಿಮಂದೆಯನ್ನು ರಾತ್ರಿ ಒಕ್ಕಲಿಗನ ಹೊಲದಲ್ಲಿ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಯಾಗಿ ಧಾನ್ಯ ಪಡೆಯುವ ಕುರಿಗಾಹಿಗಳು, ಹಟ್ಟಿ ಕಟ್ಟಿ ದನ ಸಾಕಿದ ಕಾಡುಗೊಲ್ಲರು ಇವರೆಲ್ಲರೂ ಈ ದಾರಿಗಳ ಹಳೆಯ ಹಕ್ಕುದಾರರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಗುಡ್ಡವು ಕಾಡುಗೊಲ್ಲರ ವೀರನಾದ ಜುಂಜಪ್ಪನ ನೆಲೆ; ಉದ್ದನೆಯ ಗಣೆಯನ್ನು ಊದಿ ರಾತ್ರಿಯಿಡೀ ಹಾಡುವ ಅವನ ಕಾವ್ಯದಲ್ಲಿ ದನ, ಹುಲ್ಲುಗಾವಲು, ನೀರು ಇವೇ ಐಶ್ವರ್ಯ. ಮೈಸೂರು ಅರಸರು ಚಿಕ್ಕದೇವರಾಜರ ಕಾಲದಿಂದ ಬೆಳೆಸಿ, ಟಿಪ್ಪುವು ಅಮೃತಮಹಲ್ ಎಂಬ ಹೆಸರಿಟ್ಟ ಎತ್ತಿನ ತಳಿಯೂ ಇಂಥ ಕಾವಲುಗಳಲ್ಲಿಯೇ ಮೇದು ಬೆಳೆಯಿತು. ಹೈದರಾಲಿಯು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಆ ಎತ್ತುಗಳ ಬಲದಿಂದ. ಹುಲ್ಲುಗಾವಲಿನ ಆ ಯುಗದ ತುಣುಕೊಂದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಉಳಿದು, 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಗಿ ರಕ್ಷಿತವಾಗಿದೆ.

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂದು, ಐದು ವರ್ಷಗಳಲ್ಲಿ ತಿಪಟೂರು ಅರಸೀಕೆರೆಗಳ ಮೇಲೆ ಹರಿಹರವನ್ನು ಮುಟ್ಟಿತು; ಪೂರ್ವದಲ್ಲಿ ಇನ್ನೊಂದು ಹಳಿಯು ಗೌರಿಬಿದನೂರು ಹಿಂದೂಪುರಗಳ ಮೇಲೆ ಗುಂತಕಲ್ಲಿಗೆ ಹೋಯಿತು. ಎರಡರ ನಡುವೆ ಉಳಿದ ನಮ್ಮ ನಾಲ್ಕು ಊರುಗಳಿಗೂ ರೈಲು ದೊರೆಯದ ಕಾರಣ ಗಾಡಿಯ ಕಾಲವು ಇಲ್ಲಿ ಉಳಿದೆಡೆಗಿಂತ ಹೆಚ್ಚು ದಿನ ನಡೆಯಿತು. ಬಳಿಕ ಬಸ್ಸು ಬಂದಿತು. ಒಂದು ಹಗಲಿನ ದಾರಿ ಒಂದು ಗಂಟೆಯದಾಯಿತು. ನಡುದಾರಿಯ ಕೆರೆಗಳ ಬಳಿ ಇಳಿಯುವ ಕಾರಣವೇ ಉಳಿಯಲಿಲ್ಲ. ಕೊಳವೆಬಾವಿ ಬಂದಿತು, ತೂಬಿನ ಸರದಿಗೆ ಕಾಯುವ ಅಗತ್ಯವೂ ತಪ್ಪಿ, ನೀರುಗಂಟಿಯ ಕೆಲಸ ನಿಂತು, ಅಂತರ್ಜಲ ಇಳಿದಂತೆ ಒಂದೊಂದಾಗಿ ತಲಪರಿಗೆಗಳು ಬತ್ತಿದುವು. ಪಾವಗಡದಲ್ಲಿ ಆಳದಿಂದ ಮೇಲೆತ್ತಿದ ನೀರಿನ ಫ್ಲೋರೈಡ್ ಜನರ ಹಲ್ಲು ಮೂಳೆಗಳನ್ನು ಕೆಡಿಸಿತು. ಈಗ ಹೇಮಾವತಿ ನದಿಯ ನೀರು ಕಾಲುವೆಯಲ್ಲಿ ಬಂದು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ತುಂಬುತ್ತದೆ. ಪಾವಗಡದ ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರ ಅಂತ್ಯಕ್ಕೆ ಪೂರ್ಣವಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆಯು ಬರದಿಂದ ಬೆಂದ ಮನೆಗಳಿಗೆ ನೆಮ್ಮದಿ ತಂದಿತು. ಬಿಸಿಲು ಬೆಳೆಯಾದುದನ್ನು ನಾನು ಹಳಿಯುವವನಲ್ಲ. ಆದರೆ ಬಿಸಿಲಿನಿಂದ ಬಂದ ಹಣದಲ್ಲಿ ಒಂದಂಶವಾದರೂ ಕೆರೆಯ ಕಡೆಗೆ ತಿರುಗದಿದ್ದರೆ ಆ ನೆಮ್ಮದಿಗೆ ಬೇರಿಲ್ಲ.

ಈಚೆಗೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳೆಲ್ಲವನ್ನೂ ಒಳಗೇ ಇಟ್ಟುಕೊಂಡ ಕ್ಯಾಂಪರ್‌ವ್ಯಾನುಗಳಲ್ಲಿ ಹೊರಟು, ಬೆಟ್ಟದ ಬುಡದ ಕೆರೆಗಳ ಬಳಿ ಬೀಡುಬಿಡುವ ಹವ್ಯಾಸ ನಮ್ಮ ಯುವಜನರಲ್ಲಿ ಹುಟ್ಟಿದೆ. ಇದು ಸಂತೋಷದ ಸಂಗತಿ. ಕಮಾನು ಗಾಡಿಯ ಸಂತಾನವೇ ಅದು. ಅಂಥವರಲ್ಲಿ ನನ್ನ ಬಿನ್ನಹ ಇಷ್ಟೆ. ಗಾಡಿಯವನಿಗೆ ಇದ್ದ ಮರ್ಯಾದೆ ನಿಮಗೂ ಇರಲಿ. ಮಧುಗಿರಿಯ ಬಂಡೆಯನ್ನು ಏರಿ ಇಳಿದ ಮೇಲೆ ಕೆಳಗಿನ ಕೆರೆಯ ಏರಿಯ ಮೇಲೂ ನಡೆಯಿರಿ; ತೂಬು ಎಲ್ಲಿದೆ, ಕೋಡಿ ಎಲ್ಲಿಗೆ ಹರಿಯುತ್ತದೆ ಎಂದು ಊರ ಹಿರಿಯರನ್ನು ಕೇಳಿರಿ; ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಿಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಆ ಊರವರು ಮನೆಮಕ್ಕಳಂತೆ ಕಾಯುವುದನ್ನು ಸದ್ದಿಲ್ಲದೆ ನೋಡಿ ಬನ್ನಿರಿ; ಉಂಡ ಎಲೆಯನ್ನೂ ಪ್ಲಾಸ್ಟಿಕ್ಕನ್ನೂ ಕೆರೆಯಂಗಳದಲ್ಲಿ ಬಿಟ್ಟು ಬರಬೇಡಿರಿ. ಊರವರಲ್ಲಿಯೂ ಸರ್ಕಾರದವರಲ್ಲಿಯೂ ಇನ್ನೊಂದು ಮಾತು: ಯಾವ ಹಳ್ಳಿಯಲ್ಲಿ ಎಷ್ಟು ತಲಪರಿಗೆಗಳಿದ್ದುವು, ಅವುಗಳ ಕಾಲುವೆ ಎಲ್ಲಿ ಹಾದಿತ್ತು ಎಂಬುದನ್ನು ಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಯಿಂದ ಅದನ್ನು ಕೇಳಿ, ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಟ್ಟು, ಉಳಿದಿರುವ ತಲಪರಿಗೆಗಳ ಹೂಳನ್ನು ಮುಂದಿನ ಮುಂಗಾರಿನೊಳಗೆ ಎತ್ತಿಸಿರಿ. ರಾಯದುರ್ಗದಿಂದ ತುಮಕೂರಿಗೆ ಬರತಕ್ಕ ಹೊಸ ರೈಲುಮಾರ್ಗವು ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಮುಟ್ಟುವ ದಿನ ಹೆಚ್ಚು ದೂರವಿಲ್ಲ. ಅದರಲ್ಲಿ ಬಂದಿಳಿಯುವ ಪ್ರವಾಸಿಗೆ ತೋರಿಸಲು ಕೋಟೆಗಳ ಜೊತೆಗೆ ನೀರು ತುಂಬಿದ ಕೆರೆಗಳೂ ನಮ್ಮಲ್ಲಿ ಇರಬೇಕು.